ಅರಗಿನ ತಟ್ಟೆಗಳಲ್ಲಿ ಉಳಿದ ಹಾಡುಗಳು: ಜಯಚಾಮರಾಜ ಒಡೆಯರ ಸಂಗೀತ ಜೀವನ

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಭಾಗಕ್ಕೆ ಇಳಿದು ಸ್ವಲ್ಪ ದೂರ ನಡೆದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಎದುರಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಗ್ರಾಂಟ್ ರೋಡಿನ ಬ್ಯಾಂಕ್ ಶಾಖೆಯೊಂದರಲ್ಲಿದ್ದಾಗ, ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ, ಉಡುಪಿ ಹೋಟೆಲಿನಲ್ಲಿ ಊಟ ಮಾಡಿ, ಆ ಬೀದಿಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕುತ್ತಾ ಅಲೆಯುವುದು ರೂಢಿಯಾಗಿತ್ತು. ನಮ್ಮ ತಂದೆಯವರಿಗೆ ಪಿ. ಕಾಳಿಂಗರಾಯರ ಹಾಡುಗಳೆಂದರೆ ಪ್ರಾಣ. ಅವುಗಳಿಗಾಗಿಯೇ ನಮ್ಮ ಹುಡುಕಾಟ.

ಹಾಗೆ ಹುಡುಕುತ್ತಿದ್ದ ಒಂದು ಮಧ್ಯಾಹ್ನ ಹರಿದ ಕಾಗದದ ಹೊದಿಕೆಯೊಳಗೆ ಒಂದು ಎಚ್.ಎಂ.ವಿ. ತಟ್ಟೆ ಕೈಗೆ ಬಂತು. ಅದರ ಮೇಲೆ ಮೆಟ್ನರ್ ಎಂಬ ಹೆಸರಿತ್ತು. ಇದು ಯಾರೋ ಮಹಾರಾಜರು ಹಣ ಕೊಟ್ಟು ಮಾಡಿಸಿದ ಮಾಲು ಎಂದು ಅಂಗಡಿಯ ಮುದುಕರು ಹೇಳಿದರು. ಯಾವ ಮಹಾರಾಜರು ಎಂಬುದು ಅವರಿಗೆ ಗೊತ್ತಿರಲಿಲ್ಲ; ನಾವೂ ಕೇಳುವ ಗೋಜಿಗೆ ಹೋಗಲಿಲ್ಲ. ಅವರು ಹೇಳಿದ ಬೆಲೆ ಹೆಚ್ಚೆನಿಸಿ ತಟ್ಟೆಯನ್ನು ಅಲ್ಲೇ ಇಟ್ಟು ಬಂದೆವು. ಕೆಲವು ತಿಂಗಳ ತರುವಾಯ ಮೈಸೂರಿನ ಅರಸರ ಕುರಿತು ಓದುತ್ತಿದ್ದಾಗ ಅದೇ ಹೆಸರು ಎದುರಾಯಿತು. ಆ ಮಹಾರಾಜರು ಬೇರೆ ಯಾರೂ ಅಲ್ಲ, ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರು. ಮರುದಿನವೇ ಓಡಿದೆವು. ತಟ್ಟೆ ಮಾರಾಟವಾಗಿ ಹೋಗಿತ್ತು.

ಮುಂಬಯಿಯ ಕನ್ನಡ ಮನೆಗಳಲ್ಲಿ ಜಯಚಾಮರಾಜ ಒಡೆಯರೆಂದರೆ ಇಂದಿಗೂ ನೆನಪಾಗುವುದು ದಸರೆಯ ಅಂಬಾರಿ, ಬೆಳಕಿನ ಅರಮನೆ. ಹಳೆಯ ತಲೆಮಾರಿನವರಿಗೆ ಅವರು ರಾಜ್ಯಪಾಲರಾಗಿದ್ದುದೂ ನೆನಪಿರಬಹುದು. ಆದರೆ ದೂರದ ಲಂಡನ್ನಿನಲ್ಲಿ ಜನ ಮರೆಯತೊಡಗಿದ್ದ ಒಬ್ಬ ರಷ್ಯನ್ ಸಂಗೀತರಚನಕಾರನ ಹಾಡುಗಳನ್ನು ಧ್ವನಿಮುದ್ರಣ ಮಾಡಿಸಿ ಉಳಿಸಿದವರು ಅವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಒಡೆಯರು ಜನಿಸಿದ್ದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ದೊಡ್ಡಪ್ಪ. ನಾಲ್ವಡಿಯವರ ಕಾಲದ ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ಮಹಾವಿದ್ವಾಂಸರ ಜೊತೆಯಲ್ಲೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಆಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅದನ್ನು ನಡೆಸುತ್ತಿದ್ದರು. ಒಂದು ಬದಿಯಲ್ಲಿ ವೀಣೆ, ಇನ್ನೊಂದು ಬದಿಯಲ್ಲಿ ಪಿಟೀಲು ಬಳಗ. ಬಾಲಕನ ಕಿವಿ ಎರಡನ್ನೂ ಕೇಳುತ್ತಲೇ ಬೆಳೆಯಿತು. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರಲ್ಲಿ ಪಿಯಾನೋ ಪಾಠವಾಯಿತು. ಮುಂದೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಮನ್ನಣೆಯೂ ದೊರೆತವು. ಇವು ರಾಜರೆಂಬ ಕಾರಣಕ್ಕೆ ತೊಡಿಸಿದ ಪೇಟಗಳಲ್ಲ. ತರುಣನ ಕೈ ನಿಜವಾಗಿಯೂ ಪಳಗಿತ್ತು.

1938ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಪದವಿಯನ್ನು ಚಿನ್ನದ ಪದಕಗಳೊಂದಿಗೆ ಪಡೆದರು. ಮರುವರ್ಷ ಯುರೋಪ್ ಪ್ರವಾಸ. ಪಿಯಾನೋ ವಾದಕರಾಗಿ ವೇದಿಕೆ ಏರಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರ ಮಾರ್ಚ್ 11ರಂದು ತಂದೆ ಯುವರಾಜರು ನಮ್ಮ ಇದೇ ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಅದೇ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಐದೇ ತಿಂಗಳಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡ ಇಪ್ಪತ್ತೊಂದರ ತರುಣ ಸೆಪ್ಟೆಂಬರ್ 8ರಂದು ಸಿಂಹಾಸನವನ್ನೇರಬೇಕಾಯಿತು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ಮುಗಿಯಿತು ಎನ್ನುವುದು ಪೂರ್ತಿ ಸರಿಯಲ್ಲವೇನೋ. ತಾವು ನುಡಿಸಲಾಗದ್ದನ್ನು ಒಡೆಯರು ಕೇಳತೊಡಗಿದರು. ಅರಮನೆಯಲ್ಲಿ ತಟ್ಟೆಗಳ ದೊಡ್ಡ ಭಂಡಾರವೇ ಬೆಳೆಯಿತು. ಅದರಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂಬುದು ಅಂದಿನ ಅಂದಾಜು. ಆ ಕಾಲದ ತಟ್ಟೆಯೆಂದರೆ ಅರಗಿನದು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ನಾಲ್ಕು ನಾಲ್ಕೂವರೆ ನಿಮಿಷ ಮಾತ್ರ. ಅರ್ಧ ಗಂಟೆಯ ಒಂದು ಕಾನ್ಸರ್ಟೋ ಕೇಳಬೇಕಾದರೆ ಏಳೆಂಟು ಬಾರಿ ತಟ್ಟೆ ತಿರುವಿ ಹಾಕಬೇಕು. ಅಷ್ಟು ತಾಳ್ಮೆಯಿದ್ದವರಿಗೇ ಸಂಗೀತ!

ಆ ಭಂಡಾರದ ಒಡೆಯರ ಮನಸ್ಸನ್ನು ಹಿಡಿದವನು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಅಲ್ಲಿಯ ಕನ್ಸರ್ವೇಟರಿಯಲ್ಲಿ 1900ರಲ್ಲಿ ಚಿನ್ನದ ಪದಕ ಪಡೆದ ಪಿಯಾನೋ ವಾದಕ. ವಾದಕನಾಗಿ ಹೆಸರು ಹಣ ಎರಡೂ ಕಾದಿದ್ದಾಗ ಅದನ್ನು ಬದಿಗಿಟ್ಟು ರಚನೆಯ ಹಾದಿ ಹಿಡಿದ. ರಷ್ಯದ ಕ್ರಾಂತಿಯ ಬಳಿಕ, 1921ರಲ್ಲಿ ದೇಶ ಬಿಟ್ಟ. ಬರ್ಲಿನ್, ಪ್ಯಾರಿಸ್ ಸುತ್ತಿ, 1930ರ ದಶಕದ ನಡುವೆ ಲಂಡನ್ನಿನಲ್ಲಿ ಪತ್ನಿ ಆನಾಳೊಂದಿಗೆ ನೆಲೆಸಿದ. ಖ್ಯಾತ ರಷ್ಯನ್ ಸಂಗೀತರಚನಕಾರ ರಾಖ್ಮನಿನೊವ್ ಅವನ ಆಪ್ತ ಗೆಳೆಯ. ತನ್ನ ನಾಲ್ಕನೆಯ ಪಿಯಾನೋ ಕಾನ್ಸರ್ಟೋವನ್ನು ಮೆಟ್ನರನಿಗೇ ಅರ್ಪಿಸಿದವನು. ಆದರೆ ಕಾಲ ಬದಲಾಗಿತ್ತು. ಯುರೋಪಿನ ಹೊಸ ಸಂಗೀತ ಹಳೆಯ ಸ್ವರಸಂಬಂಧಗಳನ್ನೆಲ್ಲ ಮುರಿಯುತ್ತಿದ್ದಾಗ ಮೆಟ್ನರ್ ಹಳೆಯ ಮರ್ಯಾದೆಗಳನ್ನು ಬಿಡಲೊಪ್ಪಲಿಲ್ಲ. ಅದನ್ನು ಸಮರ್ಥಿಸಿ ಒಂದು ಪುಸ್ತಕವನ್ನೇ ಬರೆದ. ಕೇಳುವವರು ಕಡಿಮೆಯಾದರು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಆದಾಯವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಎಡ್ನಾ ಐಲ್ಸ್ ಎಂಬ ಶಿಷ್ಯೆಯ ಕುಟುಂಬ ಆಶ್ರಯ ಕೊಡದಿದ್ದರೆ ಯುದ್ಧದ ವರ್ಷಗಳನ್ನು ಅವನು ಹೇಗೆ ಕಳೆಯುತ್ತಿದ್ದನೋ.

ಮೆಟ್ನರ್ ಬರೆದದ್ದು ಮುಖ್ಯವಾಗಿ ಪಿಯಾನೋಗೆ. ಅದರ ಜೊತೆಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ರಚಿಸಿದ್ದಾನೆ. ಗಯಟೆ, ಹೈನೆ, ಪುಷ್ಕಿನ್ ಮೊದಲಾದ ಕವಿಗಳ ಕವಿತೆಗಳಿಗೆ ಒಂದು ಕಂಠ, ಒಂದು ಪಿಯಾನೋ, ಇಷ್ಟೇ. ಇದನ್ನು ಪಶ್ಚಿಮದವರು ನಾಟಕದ ಹಾಡಿನಿಂದಲೂ ಜನಪದ ಗೀತೆಯಿಂದಲೂ ಬೇರೆಯಾದ ಪ್ರಕಾರವೆಂದು ಎಣಿಸುತ್ತಾರೆ. ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಂದ್ರೆ, ಕುವೆಂಪು ಅವರ ಕವಿತೆಗಳನ್ನು ಕಾಳಿಂಗರಾಯರ ಕಂಠದಲ್ಲಿ ಕೇಳಿದವರು ನಾವು. ಭಾವಗೀತೆ ಎಂಬ ನಮ್ಮ ಮಾತು ಇಲ್ಲಿಗೂ ಒಪ್ಪುತ್ತದೆ. ಒಂದೇ ವ್ಯತ್ಯಾಸ, ಮೆಟ್ನರನ ಹಾಡಿನಲ್ಲಿ ಪಿಯಾನೋ ಪಕ್ಕವಾದ್ಯವಲ್ಲ. ಕಂಠ ಹೇಳದೆ ಬಿಟ್ಟದ್ದನ್ನು ಅದು ಹೇಳುತ್ತದೆ, ಕೆಲವೊಮ್ಮೆ ಕಂಠವನ್ನು ಎದುರಿಸಿಯೂ ನಿಲ್ಲುತ್ತದೆ. ಆದುದರಿಂದಲೇ ಅವನ ಹಾಡುಗಳಿಗೆ ಅವನಂಥ ವಾದಕನೇ ಬೇಕು. ಆ ವಾದಕನಿಗೋ ಅರವತ್ತೈದು ದಾಟಿತ್ತು, ಹೃದಯ ದುರ್ಬಲವಾಗಿತ್ತು.

ಇಲ್ಲಿ ಮೂರನೆಯವರೊಬ್ಬರು ಪ್ರವೇಶಿಸುತ್ತಾರೆ. ಎಚ್.ಎಂ.ವಿ. ಬಳಗದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್. ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದವರು ಇವರೇ. 1946ರಲ್ಲಿ ಒಡೆಯರು ಇವರನ್ನು ಮೈಸೂರಿಗೆ ಕರೆಸಿಕೊಂಡರು. ತರುಣ ಅರಸರ ತಟ್ಟೆಗಳ ಭಂಡಾರವನ್ನೂ, ಅವರ ಸಂಗೀತಜ್ಞಾನವನ್ನೂ ಕಂಡು ಲೆಗ್ ಬೆರಗಾದರು. ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಹಣ ಒದಗಿಸಲು ಮಹಾರಾಜರು ಒಪ್ಪಿದರೆಂದು ಲೆಗ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. 1948ರಲ್ಲಿ ಒಡೆಯರು ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಕೊಡುವವರ ರುಚಿಯೂ ಅದರಲ್ಲಿ ಕಾಣುತ್ತದೆ. ಎಲ್ಲರೂ ಕೇಳುವ ಬೀಥೋವನ್ನನಿಗಾಗಿ ಅವರು ಹಣ ತೆಗೆದಿಡಲಿಲ್ಲ. ಬಲಾಕಿರೆವನ ಸಿಂಫನಿ, ರೂಸೆಲನ ನಾಲ್ಕನೆಯ ಸಿಂಫನಿ ಇಂಥ ಕಡೆಗಣಿಸಿದ ಕೃತಿಗಳನ್ನು ಮುದ್ರಿಸಬೇಕೆಂದು ಬಯಸಿದರು. 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ನಿರ್ದೇಶನದಲ್ಲಿ ಅವೆರಡೂ ಮುದ್ರಣಗೊಂಡವು.

ಎಲ್ಲಕ್ಕಿಂತ ಮಿಗಿಲಾದುದು ಮೆಟ್ನರ್ ಸೊಸೈಟಿ. ಈ ಸೊಸೈಟಿ ಎಂಬ ವ್ಯವಸ್ಥೆಯನ್ನು ನಮ್ಮಂಥ ಬ್ಯಾಂಕಿನವರು ಸುಲಭವಾಗಿ ತಿಳಿದುಕೊಳ್ಳಬಹುದು. ಮಾರಾಟವಾಗದ ಸಂಗೀತವನ್ನು ಮುದ್ರಿಸಲು ಕಂಪನಿ ಹಿಂಜರಿಯುತ್ತದೆ. ಆಗ ಆಸಕ್ತರಿಂದ ಮುಂಗಡವಾಗಿ ಚಂದಾ ಸಂಗ್ರಹಿಸಿ, ಖರ್ಚು ಹುಟ್ಟಿದ ಮೇಲೆ ಮುದ್ರಣಕ್ಕೆ ಕೈಹಾಕುವುದು. ಹ್ಯೂಗೋ ವುಲ್ಫ್ ಎಂಬ ರಚನಕಾರನ ಹಾಡುಗಳಿಗಾಗಿ ಲೆಗ್ 1931ರಲ್ಲಿ ಹೀಗೆಯೇ ಸುಮಾರು 500 ಚಂದಾದಾರರನ್ನು ಕೂಡಿಸಿದ್ದರು. ಮೆಟ್ನರನ ವಿಷಯದಲ್ಲಿ ಅಷ್ಟು ಮಂದಿಯನ್ನು ಎಲ್ಲಿ ಹುಡುಕುವುದು? ಆ ಐನೂರು ಮಂದಿಯ ಸ್ಥಾನದಲ್ಲಿ ಮೈಸೂರಿನ ಒಬ್ಬರೇ ನಿಂತರು.

1947ರಿಂದ ಮೆಟ್ನರ್ ಮತ್ತೆ ಧ್ವನಿಮುದ್ರಣ ಮಂದಿರಕ್ಕೆ ಹೋಗತೊಡಗಿದ. ತನ್ನ ಮೂರೂ ಪಿಯಾನೋ ಕಾನ್ಸರ್ಟೋಗಳನ್ನು ಫಿಲ್ಹಾರ್ಮೋನಿಯದೊಂದಿಗೆ ನುಡಿಸಿದ. ಸೊನಾಟಾಗಳು, ಚಿಕ್ಕ ರಚನೆಗಳು, ನಾಲ್ಕು ದಶಕಗಳಿಂದ ತಿದ್ದುತ್ತ ಬಂದು 1949ರಲ್ಲಷ್ಟೇ ಮುಗಿಸಿದ್ದ ಪಂಚವಾದ್ಯ ಕೃತಿ, ಒಂದೊಂದಾಗಿ ಅರಗಿನ ಮೇಲೆ ಇಳಿದವು. ಹಾಡುಗಳ ಸರದಿಯೂ ಬಂತು. ರಷ್ಯನ್ ಗಾಯಕಿಯರಾದ ಓಡಾ ಸ್ಲೊಬೊಡ್ಸ್ಕಾಯ, ಟಟಿಯಾನಾ ಮಕುಶಿನಾ ಹಾಡಿದರು. 1950ರಲ್ಲಿ ಜರ್ಮನ್ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದರು. ಎಲ್ಲದಕ್ಕೂ ಪಿಯಾನೋ ಮೆಟ್ನರನದೇ. ಆಗ ಶ್ವಾರ್ಟ್ಸ್‌ಕಾಫ್ ಮೂವತ್ತರ ಹರೆಯದವರು, ಏರುತ್ತಿದ್ದ ತಾರೆ, ಮೆಟ್ನರನಿಗೆ ಎಪ್ಪತ್ತು. ಕೃತಜ್ಞತೆಯಿಂದ ಅವನು ತನ್ನ ಮೂರನೆಯ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಇಂದಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಆ ಕೃತಿಯ ಸ್ವರಲಿಪಿ ತೆರೆದರೂ ಮೈಸೂರಿನ ಹೆಸರು ಅದಕ್ಕೆ ಸೇರಿಯೇ ಇದೆ.

ಅವನ ಕೃತಿಗಳೆಲ್ಲವನ್ನೂ ಮುದ್ರಿಸುವ ಯೋಜನೆ ಪೂರ್ತಿಯಾಗಲಿಲ್ಲ. ಮೂರು ಸಂಪುಟಗಳು ಹೊರಬಂದವು. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡ. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಎಂಬ ಯೋಚನೆ ಬರುತ್ತದೆ. ಹಾಡುಗಳು ಕಾಗದದ ಮೇಲೆ ಹೇಗೂ ಉಳಿಯುತ್ತಿದ್ದವು. ಕವಿತೆಯ ಯಾವ ಪದಕ್ಕೆ ಎಷ್ಟು ನಿಲ್ಲಬೇಕು, ಎಲ್ಲಿ ಕಂಠವನ್ನು ಮುಂದೆ ಬಿಟ್ಟು ಬೆರಳು ಹಿಂದೆ ಸರಿಯಬೇಕು ಎಂಬುದನ್ನು ರಚನಕಾರನ ಕೈಯಿಂದಲೇ ಕೇಳುವ ಭಾಗ್ಯ ಮಾತ್ರ ತಪ್ಪುತ್ತಿತ್ತು.

ಹಾಡುಗಳ ಮೇಲಿನ ಒಡೆಯರ ಒಲವಿಗೆ ಇನ್ನೊಂದು ಸಾಕ್ಷಿಯಿದೆ. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ವಾದ್ಯವೃಂದದೊಂದಿಗೆ ಹಾಡುವ ಕೆಲವು ಗೀತೆಗಳನ್ನು ಬರೆದು ಮರುವರ್ಷ ತೀರಿಕೊಂಡ. ನಾಲ್ಕು ಕೊನೆಯ ಹಾಡುಗಳೆಂದು ಅವು ಪ್ರಸಿದ್ಧ. ಅವುಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವ್ಯಾಂಗ್ಲರ್ ನಿರ್ದೇಶಿಸಿದರು. ಆ ಕಛೇರಿಗೆ 4,800 ಡಾಲರುಗಳ ಗ್ಯಾರಂಟಿ ನೀಡಿದವರು ಜಯಚಾಮರಾಜ ಒಡೆಯರು. ಪ್ರತಿಯಾಗಿ ಅವರು ಕೇಳಿದ್ದು ಇಷ್ಟೇ: ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಬೇಕು. ಹಣ ಕೊಟ್ಟವರು ಸಭೆಯಲ್ಲಿರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ತಟ್ಟೆಗಾಗಿ ಕಾದಿದ್ದರು.

ಇಷ್ಟು ಬರೆದು ಮುಂದಕ್ಕೆ ಹೋದರೆ ಲೆಕ್ಕ ಒಂದೇ ಬದಿಗೆ ಬರೆದಂತಾಗುತ್ತದೆ. ಮೆಟ್ನರ್ ಲಂಡನ್ನಿನಲ್ಲಿ ಕಾನ್ಸರ್ಟೋಗಳನ್ನು ನುಡಿಸುತ್ತಿದ್ದ ಅದೇ 1947ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಸಿ ಜೈಲು ತುಂಬುತ್ತಿದ್ದರು. ಅರಮನೆಯ ಹಣವೆಂದರೂ ಅದರ ಬೇರು ರೈತನ ಕಂದಾಯದಲ್ಲಿದೆ. ಲಂಡನ್ನಿನ ವಾದ್ಯವೃಂದಕ್ಕೆ ಅದನ್ನು ಕಳುಹಿಸುವ ಅಗತ್ಯವೇನಿತ್ತೆಂದು ಅಂದು ಯಾರಾದರೂ ಕೇಳಿದ್ದರೆ ಆ ಪ್ರಶ್ನೆ ತಪ್ಪಾಗುತ್ತಿರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರ ಸಚಿವ ಸಂಪುಟ ಅಧಿಕಾರಕ್ಕೆ ಬಂತು. ಒಡೆಯರು ಅಧಿಕಾರವನ್ನು ಬಿಟ್ಟುಕೊಟ್ಟ ರೀತಿಯಲ್ಲಿ ಘನತೆಯಿತ್ತೆಂಬುದನ್ನು ಅವರ ವಿರೋಧಿಗಳೂ ಒಪ್ಪಬೇಕು. ಇನ್ನೊಂದು ಮಾತು. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡಕ್ಕೆ ತಂದ ಶ್ರೀ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯೂ ಇದೇ ಅರಸರ ಆಶ್ರಯದಲ್ಲಿ ಬೆಳೆಯಿತು. ಆ ಸಂಪುಟಗಳು ನಮ್ಮ ಅಜ್ಜನ ಮನೆಯಲ್ಲಿದ್ದವು. ಓದಿದವರು ಕಡಿಮೆ, ಪೂಜಿಸಿದವರು ಹೆಚ್ಚು, ಅದು ಬೇರೆ ಮಾತು.

ಲಂಡನ್ನಿನ ಕತೆ ಹೀಗಾದರೆ ಮೈಸೂರಿನ ಅರಮನೆಯ ಒಳಗೆ ಇನ್ನೊಂದು ಕತೆ ನಡೆದಿತ್ತು. ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದ ಒಡೆಯರು ಪಟ್ಟಕ್ಕೆ ಬಂದ ಬಳಿಕ ಮೈಸೂರು ವಾಸುದೇವಾಚಾರ್ಯರಂಥ ಹಿರಿಯರ ಒಡನಾಟದಲ್ಲಿ ಕರ್ನಾಟಕ ಸಂಗೀತದ ಕಡೆಗೆ ತಿರುಗಿದರು. ಶ್ರೀವಿದ್ಯೆಯ ಉಪಾಸಕರಾಗಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ, ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸಿದರು. 1945ರಿಂದ 1947ರ ನಡುವಿನ ಎರಡು ಮೂರು ವರ್ಷಗಳಲ್ಲೇ ಅವು ಹುಟ್ಟಿದವೆಂಬುದು ಅಚ್ಚರಿಯ ಸಂಗತಿ. ದೊರೆತಿರುವ ಕೃತಿಗಳು 94. ಬಹುಪಾಲು ದೇವಿಯ ಮೇಲೆ. ಹಲವು, ಸಾಮಾನ್ಯವಾಗಿ ಯಾರೂ ಮುಟ್ಟದ ಅಪರೂಪದ ರಾಗಗಳಲ್ಲಿ. ಮೆಟ್ನರನ ಹಾಡುಗಳನ್ನು ಉಳಿಸಲು ವ್ಯವಸ್ಥೆ ಮಾಡುತ್ತಿದ್ದ ಕಾಲದಲ್ಲೇ ತಾವೂ ಹಾಡು ಕಟ್ಟುತ್ತಿದ್ದರೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಲಂಡನ್ನಿಗೆ ಅಷ್ಟು ಹಣ ಕಳುಹಿಸಿದವರು ತಮ್ಮ ಕೃತಿಗಳಿಗಾಗಿ ಅಂಥ ಒಂದು ಸೊಸೈಟಿಯನ್ನು ಕಟ್ಟಲಿಲ್ಲ. ಉಪಾಸಕನಿಗೆ ತನ್ನ ಸ್ತುತಿಯನ್ನು ಮಾರುಕಟ್ಟೆಗೆ ತರುವುದು ಸಂಕೋಚವೆನಿಸಿರಬಹುದು. ಇದು ನಮ್ಮ ಊಹೆ.

ಮುಂದಿನ ಜೀವನ ಎಲ್ಲರಿಗೂ ಗೊತ್ತಿರುವುದೇ. 1950ರಲ್ಲಿ ಮೈಸೂರು ರಾಜ್ಯದ ರಾಜಪ್ರಮುಖರು, 1956ರಲ್ಲಿ ಏಕೀಕರಣದ ಬಳಿಕ ರಾಜ್ಯಪಾಲರು, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರು. ತತ್ತ್ವಶಾಸ್ತ್ರದ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಹಲವು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ ಐವತ್ತೈದು ವರ್ಷ. ಈಗ ನಮಗಿರುವಷ್ಟೇ ವಯಸ್ಸು.

ಮೆಟ್ನರನ ಭಾಗ್ಯ ಅಷ್ಟರಲ್ಲಿ ತಿರುಗಿತ್ತು. ಪತ್ನಿ ಆನಾ 1958ರಲ್ಲಿ ಮಾಸ್ಕೋಗೆ ಮರಳಿದಳು. ಒಂದು ಕಾಲಕ್ಕೆ ಅವನನ್ನು ಮರೆತ ದೇಶವೇ 1959ರಿಂದ 1963ರವರೆಗೆ ಅವನ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಪ್ರಕಟಿಸಿತು. ತೊಂಬತ್ತರ ದಶಕದಲ್ಲಿ ಜೆಫ್ರಿ ಟೋಜರ್, ಹೇಮಿಶ್ ಮಿಲ್ನ್, ಮಾರ್ಕ್-ಆಂದ್ರೆ ಹ್ಯಾಮೆಲಿನ್ ಮುಂತಾದ ಪಿಯಾನೋ ವಾದಕರು ಅವನನ್ನು ಹೊಸದಾಗಿ ಮುದ್ರಿಸಿದರು. ಲುಡ್ಮಿಲಾ ಆಂಡ್ರೂ ಟೋಜರ್ ಜೊತೆಯಲ್ಲಿ ಹಾಡುಗಳನ್ನು ಹಾಡಿದರು. 2020ರಿಂದೀಚೆಗೆ ಎಕಟೆರಿನಾ ಲೆವೆಂಟಾಲ್ ಮತ್ತು ಫ್ರಾಂಕ್ ಪೀಟರ್ಸ್ ಅವನ ಹಾಡುಗಳನ್ನೆಲ್ಲ ಸಾಲಾಗಿ ಮುದ್ರಿಸುವ ಕೆಲಸ ಹಿಡಿದು, ಸಂಪುಟಗಳನ್ನು ಒಂದರ ಹಿಂದೊಂದು ಹೊರತಂದರು. ಮೈಸೂರಿನ ಹಣದಲ್ಲಿ ಆದ ಹಳೆಯ ಮುದ್ರಣಗಳೂ ಸಿ.ಡಿ. ರೂಪದಲ್ಲಿ ಮತ್ತೆ ಬಂದವು. ಸ್ಟ್ರಾಸ್ ಕಛೇರಿಯ ಮೂಲ ತಟ್ಟೆಗಳು ಮಾತ್ರ ಬಹಳ ಸವೆದಿದ್ದವು. 2007ರಲ್ಲೂ ಮತ್ತೆ 2014ರಲ್ಲೂ ತಂತ್ರಜ್ಞರು ಅವುಗಳನ್ನು ಶುದ್ಧಮಾಡಿ ಹೊರತಂದರು. ಇಷ್ಟಾದರೂ ಗರಗರ ಸದ್ದು ಪೂರ್ತಿ ಹೋಗಿಲ್ಲ. ಒಡೆಯರು ಕೇಳಿ ಕೇಳಿ ಸವೆಸಿದ್ದೆಂದು ನಾವು ತಮಾಷೆಗೆ ಹೇಳುವುದುಂಟು.

ಒಡೆಯರ ಕೃತಿಗಳು ಒಂದೆಡೆ ಸೇರಿ ಹೊರಬರಲು 2010ರವರೆಗೆ ಕಾಯಬೇಕಾಯಿತು. ಅವರ ಅಳಿಯ ಆರ್. ರಾಜಚಂದ್ರ ಅವರು 94 ಕೃತಿಗಳನ್ನೂ ಶ್ರೀವಿದ್ಯಾ ಗಾನ ವಾರಿಧಿ ಎಂಬ ಸಂಪುಟದಲ್ಲಿ ಪ್ರಕಟಿಸಿದರು. ರಚನೆಯಾದ ಅರವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ! ಗಂಭೀರನಾಟದ ಕೃತಿ, ಹಿಂದೋಳದ ಕೃತಿ, ಹೀಗೆ ಕೆಲವು ಕಛೇರಿಗಳಲ್ಲಿ ಮೊದಲಿನಿಂದಲೂ ಓಡಾಡುತ್ತಿದ್ದವು. ಈಗ ಒಡೆಯರ ಕೃತಿಗಳಿಗೇ ಮೀಸಲಾದ ಧ್ವನಿಮುದ್ರಣಗಳೂ ಇವೆ. ಆದರೆ ತೊಂಬತ್ತನಾಲ್ಕರಲ್ಲಿ ಬಹುಪಾಲು ನಾವು ಇನ್ನೂ ಒಮ್ಮೆಯೂ ಸಭೆಯಲ್ಲಿ ಕೇಳಿಲ್ಲ.

ಕಳೆದ ನವರಾತ್ರಿಯಲ್ಲಿ ನಗರದ ಕನ್ನಡ ಸಭೆಯೊಂದರ ಕಾರ್ಯಕ್ರಮಕ್ಕೆ ಕುಟುಂಬಸಮೇತ ಹೋಗಿದ್ದೆವು. ಹದಿನಾರು ಹದಿನೇಳರ ಹುಡುಗಿಯೊಬ್ಬಳು ಆ ಗಂಭೀರನಾಟದ ಕೃತಿಯನ್ನೇ ಎತ್ತಿಕೊಂಡಳು; ಚೆನ್ನಾಗಿಯೂ ಹಾಡಿದಳು. ರಾಗ, ತಾಳಗಳನ್ನು ಹೇಳಿದ ನಿರೂಪಕರು ವಾಗ್ಗೇಯಕಾರರ ಹೆಸರು ಹೇಳಲು ಮರೆತರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದು ದೀಕ್ಷಿತರದ್ದಲ್ಲವೇ ಎಂದು ನಮ್ಮನ್ನು ಕೇಳಿದರು. ಮಧ್ಯಂತರದಲ್ಲಿ ಕಾಫಿ ಕುಡಿಯುತ್ತ ಅವರಿಗೆ ಈ ಕತೆಯನ್ನೆಲ್ಲ ಹೇಳಿದೆವು, ಚೋರ್ ಬಜಾರಿನಲ್ಲಿ ಕೈತಪ್ಪಿದ ತಟ್ಟೆಯನ್ನೂ ಸೇರಿಸಿ. ಅಂದು ಎಷ್ಟು ಬೆಲೆ ಹೇಳಿದ್ದರೆಂದು ಅವರು ಕೇಳಿದರು. ಇನ್ನೂರು ರೂಪಾಯಿ ಎಂದೆವು.